ಮೋಟಾರು ಬಂಡಿಯ ಸೂಚಕಗಳು

ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ತಿಳಿಯುವುದು ತರ್ಕಶಾಸ್ತ್ರದ ಮೊದಲ ಪಾಠ. ಕಣ್ಣಿಗೆ ಬೀಳುವ ಹೊಗೆಯು ಲಿಂಗ. ಕಣ್ಣಿಗೆ ಬೀಳದ ಬೆಂಕಿಯು ಸಾಧ್ಯ. ಇವೆರಡಕ್ಕೂ ಎಂದೂ ತಪ್ಪದೆ ಇರುವ ಸಂಬಂಧವು ವ್ಯಾಪ್ತಿ. ಪಾಠಶಾಲೆಯ ಬಾಲಕನು ಕಂಠಪಾಠಮಾಡುವ ಈ ವಿಷಯವನ್ನು ಈ ಕಾಲದಲ್ಲಿ ದಿನವೂ ಉಪಯೋಗಿಸಬೇಕಾದವರು ಮೋಟಾರು ಬಂಡಿಯನ್ನು ನಡೆಸುವ ಗೃಹಸ್ಥರೂ ಗೃಹಿಣಿಯರೂ ಆಗಿರುವರು. ಬೀಗದ ಕೈಯನ್ನು ತಿರುಗಿಸಿದೊಡನೆ ಅವರ ಮುಂದೆ ಹತ್ತು ಹನ್ನೆರಡು ದೀಪಗಳು ಒಮ್ಮೆಗೇ ಬೆಳಗಿ, ಕ್ಷಣಕಾಲದಲ್ಲಿ ಒಂದೊಂದಾಗಿ ಆರುತ್ತವೆ. ಇದನ್ನು ದೀಪಾವಳಿಯ ಅಲಂಕಾರದಂತೆ ನೋಡಿ ಸುಮ್ಮನಾಗುವವರೇ ಬಹುಮಂದಿ. ಆದರೆ ಆ ದೀಪಗಳಲ್ಲಿ ಪ್ರತಿಯೊಂದಕ್ಕೂ ಒಂದು ಚರಿತ್ರೆಯಿದೆ. ಆ ಚರಿತ್ರೆಯನ್ನು ತಿಳಿದವರಿಗೆ ದೀಪದ ಅರ್ಥವೂ, ಅದಕ್ಕಿಂತ ಮುಖ್ಯವಾಗಿ ದೀಪದ ಮಿತಿಯೂ ತಿಳಿಯುತ್ತವೆ.

ಶ್ರೀನಿವಾಸಪುರದ ಸೀಮೆಯಲ್ಲಿ ಮಾವಿನ ಕಾಯನ್ನು ಎತ್ತಿನ ಬಂಡಿಗಳಲ್ಲಿ ಹೇರಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಬಂಡಿಗೆ ಸೂಚಕವೆಂಬ ಪ್ರತ್ಯೇಕ ಯಂತ್ರವಿರಲಿಲ್ಲ. ಅಚ್ಚಿನಲ್ಲಿ ಕೀಲೆಣ್ಣೆ ಆರಿದರೆ ಗಾಲಿಯೇ ಕಿರುಗುಟ್ಟಿ ಕೂಗುತ್ತಿತ್ತು. ಬಂಡಿಯವನು ಇಳಿದು, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿಟ್ಟುಕೊಂಡಿದ್ದ ಕೀಲೆಣ್ಣೆಯನ್ನು ಹಚ್ಚಿ ಮುಂದೆ ಸಾಗುತ್ತಿದ್ದನು. ರೋಗವೂ ರೋಗದ ಲಕ್ಷಣವೂ ಒಂದೇ ಕಡೆಯಲ್ಲಿದ್ದವು; ಕಿವಿಯೊಂದಿದ್ದರೆ ಸಾಕಾಗಿತ್ತು. ಯಂತ್ರವು ಕಬ್ಬಿಣದ ಕವಚದೊಳಗೆ ಸೇರಿಕೊಂಡು, ಅದರ ಅವಯವಗಳು ಕಣ್ಣಿಗೂ ಕಿವಿಗೂ ಮರೆಯಾದ ಮೇಲೆಯೇ ಲಕ್ಷಣವನ್ನು ಒಳಗಿನಿಂದ ಹೊರಗೆ ತಂದು ತೋರಿಸುವ ಉಪಕರಣವು ಅವಶ್ಯಕವಾಯಿತು.

ಈ ಉಪಕರಣಗಳೆಲ್ಲ ಕೂಡಿರುವ ಹಲಗೆಗೆ ಡ್ಯಾಶ್‌ಬೋರ್ಡ್ ಎಂಬ ಹೆಸರು ಬಂದ ಬಗೆಯೂ ವಿನೋದಕರವಾದುದು. ಪಾಶ್ಚಾತ್ಯರ ಕುದುರೆಗಾಡಿಗಳಲ್ಲಿ ಕುದುರೆಯ ಗೊರಸಿನಿಂದ ಚಿಮ್ಮುವ ಕೆಸರು ಕುಳಿತವರ ಮೇಲೆ ಬೀಳದಿರಲೆಂದು ಮುಂಭಾಗದಲ್ಲಿ ನಿಲ್ಲಿಸುತ್ತಿದ್ದ ಹಲಗೆಗೆ ಆ ಹೆಸರಿತ್ತು. ಕುದುರೆಯು ಹೋಯಿತು, ಕೆಸರೂ ಚಕ್ರದ ಪಾಲಾಯಿತು. ಹಲಗೆಯು ಮಾತ್ರ ಉಳಿಯಿತು. ಬರಿದಾಗಿದ್ದ ಆ ಹಲಗೆಯ ಮೇಲೆ ಒಂದೊಂದಾಗಿ ಮಾಪಕಗಳು ಬಂದು ಕುಳಿತವು. ಕೆಸರನ್ನು ತಡೆಯುತ್ತಿದ್ದ ವಸ್ತು ಅಜ್ಞಾನವನ್ನು ತಡೆಯುವ ವಸ್ತುವಾಯಿತೆನ್ನಬಹುದು.

ಮಾಪಕಗಳ ವಂಶವು ಮೋಟಾರಿಗಿಂತ ಹಳೆಯದು. 1849ರಲ್ಲಿ ಪ್ಯಾರಿಸಿನ ಯೂಜೀನ್ ಬೂರ್ದೋನ್ ಎಂಬಾತನು ಒತ್ತಡವನ್ನು ಅಳೆಯುವ ಒಂದು ಸುಲಭವಾದ ಉಪಾಯವನ್ನು ಕಂಡುಹಿಡಿದು ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಬಾಗಿಸಿದ ಚಪ್ಪಟೆಯ ಲೋಹದ ಕೊಳವೆಯೊಳಕ್ಕೆ ಹಬೆಯು ನುಗ್ಗಿದರೆ ಆ ಕೊಳವೆಯು ನೆಟ್ಟಗಾಗಲು ಯತ್ನಿಸುತ್ತದೆ. ಅದರ ತುದಿಗೆ ಸೇರಿಸಿದ ಮುಳ್ಳು ಆ ಚಲನೆಯನ್ನು ಅಂಕೆಗಳ ಮೇಲೆ ತೋರಿಸುತ್ತದೆ. ಹಬೆಯ ಯಂತ್ರಗಳಿಗೆಲ್ಲ ಇದು ಪ್ರಾಣರಕ್ಷಕವಾಯಿತು. 20ನೆಯ ಶತಮಾನದ ಎರಡನೆಯ ದಶಕದಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿಗಳ ಮಾರ್ಗವಾಗಿ ಚಿಕ್ಕಬಳ್ಳಾಪುರದ ಕಡೆಗೆ ಎರಡೂವರೆ ಅಡಿಗಳ ಹಳಿಯ ಮೇಲೆ ಹೊಗೆಬಂಡಿಯು ಬಂದಾಗ, ಈ ಸೀಮೆಯ ಜನರ ನಡುವೆ ಮುಳ್ಳನ್ನು ನೋಡಿ ಯಂತ್ರದ ಒಳಗನ್ನು ತಿಳಿಯುವ ವಿದ್ಯೆಯು ಮೊದಲು ಕಾಲಿಟ್ಟಿತು. ಹಬೆಯ ಒತ್ತಡವನ್ನು ತೋರಿಸುವ ಮುಳ್ಳು, ಬಾಯ್ಲರಿನ ನೀರನ್ನು ತೋರಿಸುವ ಗಾಜಿನ ಕೊಳವೆ, ಇವೆರಡನ್ನೂ ಚಾಲಕನು ಕ್ಷಣಕ್ಷಣಕ್ಕೂ ನೋಡುತ್ತಿರಬೇಕಾಗಿತ್ತು. ನೋಡುವುದೇ ಅವನ ಉದ್ಯೋಗದ ಅರ್ಧಭಾಗವಾಗಿತ್ತು.

ಇದಕ್ಕೆ ಹೋಲಿಸಿದರೆ ಮೊದಲಿನ ಮೋಟಾರು ಬಂಡಿಗಳು ಮೂಕಪ್ರಾಣಿಗಳೇ ಸರಿ. 1908ರಲ್ಲಿ ಅಮೆರಿಕದಲ್ಲಿ ಹೊರಟ ಫೋರ್ಡ್ ಕಂಪನಿಯ ಮಾಡೆಲ್ ಟಿ ಎಂಬ ಪ್ರಸಿದ್ಧವಾದ ಬಂಡಿಗೆ ಪೆಟ್ರೋಲಿನ ಮಾಪಕವಿರಲಿಲ್ಲ. ಮುಂದಿನ ಆಸನವನ್ನು ಎತ್ತಿ, ಅದರ ಕೆಳಗಿದ್ದ ತೊಟ್ಟಿಯೊಳಕ್ಕೆ ಕೋಲನ್ನಿಳಿಸಿ, ಎಷ್ಟು ನೆನೆದಿದೆಯೆಂದು ನೋಡಬೇಕಾಗಿತ್ತು. ಇದಕ್ಕೆ ಸ್ವಲ್ಪ ಮುಂಚೆ, 1902ರಲ್ಲಿ, ಸ್ಟ್ರಾಸ್‌ಬರ್ಗಿನ ಆಟ್ಟೋ ಷುಲ್ಟ್ಜ್ ಎಂಬಾತನು ವೇಗಮಾಪಕಕ್ಕೆ ಹಕ್ಕುಪತ್ರವನ್ನು ಪಡೆದಿದ್ದನು. ಚಕ್ರದೊಡನೆ ಸುತ್ತುವ ಅಯಸ್ಕಾಂತವು ಸಮೀಪದಲ್ಲಿರುವ ಲೋಹದ ಬಟ್ಟಲನ್ನು ಮುಟ್ಟದೆಯೇ ತನ್ನೊಡನೆ ಎಳೆಯುತ್ತದೆ. ಕೂದಲಿನಂತಹ ಒಂದು ಸುರುಳಿಯು ಅದನ್ನು ಹಿಂದಕ್ಕೆ ಹಿಡಿಯುತ್ತದೆ. ಈ ಜಗ್ಗಾಟದ ಮಧ್ಯದಲ್ಲಿ ಮುಳ್ಳು ನಿಲ್ಲುವ ಸ್ಥಳವೇ ವೇಗ. ವಿದ್ಯುತ್ತಿನ ಗಣಕಗಳು ಬರುವವರೆಗೆ ಲೋಕದ ಬಂಡಿಗಳೆಲ್ಲ ಬಹುಮಟ್ಟಿಗೆ ಈ ಉಪಾಯವನ್ನೇ ಅವಲಂಬಿಸಿದ್ದವು. 1912ರಲ್ಲಿ ಬಾಯ್ಸ್ ಎಂಬಾತನ ಉಷ್ಣಮಾಪಕವು ಹೊರಬಂದಿತು. ಅದನ್ನು ಬಂಡಿಯ ಮೂತಿಯ ಮೇಲಿನ ನೀರಿನ ಮುಚ್ಚಳಕ್ಕೆ ಕಿರೀಟದಂತೆ ಸಿಕ್ಕಿಸುತ್ತಿದ್ದರು. ಒಳಗೆ ಕಾವೇರಿದಂತೆಲ್ಲ ಕೆಂಪು ದ್ರವವು ಮೇಲಕ್ಕೇರುವುದನ್ನು ಚಾಲಕನು ಕುಳಿತಲ್ಲಿಂದಲೇ ಕಾಣುತ್ತಿದ್ದನು.

ಮೈಸೂರು ಸಂಸ್ಥಾನದಲ್ಲಿ ಇಂತಹ ಬಂಡಿಗಳನ್ನು ಸ್ವದೇಶದಲ್ಲಿಯೇ ನಿರ್ಮಿಸಬೇಕೆಂದು ಹಂಬಲಿಸಿದವರು ಹಿಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು. 1930ರ ದಶಕದಲ್ಲಿ ಅವರು ವಾಲ್‌ಚಂದ್ ಹೀರಾಚಂದರೊಡನೆ ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆಯನ್ನು ತೆರೆಯುವ ಪ್ರಯತ್ನವನ್ನು ಮಾಡಿದರು. ಬ್ರಿಟಿಷ್ ಸರ್ಕಾರದ ಬೆಂಬಲವು ದೊರೆಯಲಿಲ್ಲವಾಗಿ ಅದು ಕೈಗೂಡಲಿಲ್ಲ. 1940ರಲ್ಲಿ ಬೆಂಗಳೂರಿಗೆ ಬಂದುದು ವಿಮಾನದ ಕಾರ್ಖಾನೆ; ವಾಲ್‌ಚಂದರ ಮೋಟಾರು ಕಂಪನಿಯು 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಹೀಗಾಗಿ ಈ ನಾಡಿನ ಚಾಲಕರು ಬಹುಕಾಲದವರೆಗೆ ಪರದೇಶದ ಮಾಪಕಗಳನ್ನೂ ಅವುಗಳ ಮೇಲಿನ ಪರಭಾಷೆಯ ಅಕ್ಷರಗಳನ್ನೂ ನೋಡಿ ಬಂಡಿಯನ್ನು ನಡೆಸಬೇಕಾಯಿತು. ಅಕ್ಷರವರಿಯದವರು ಮುಳ್ಳಿನ ಸ್ಥಾನವನ್ನು ಗುರುತಿಟ್ಟುಕೊಂಡರು.

ಎರಡನೆಯ ಮಹಾಯುದ್ಧದ ದಿನಗಳಲ್ಲಿ ಪೆಟ್ರೋಲು ದುರ್ಲಭವಾಗಿ ಬಸ್ಸುಗಳು ಇದ್ದಲಿನ ಅನಿಲದಿಂದ ನಡೆದವು. ಬಸ್ಸಿನ ಹಿಂದೆ ಕಟ್ಟಿದ ಉರುಳೆಯಲ್ಲಿ ಇದ್ದಲನ್ನು ತುಂಬಿ, ಬೆಂಕಿ ಹೊತ್ತಿಸಿ, ತಿದಿಯ ಚಕ್ರವನ್ನು ತಿರುಗಿಸಬೇಕಾಗಿತ್ತು. ಹೊರಡುವ ಅನಿಲಕ್ಕೆ ಕಡ್ಡಿಯನ್ನು ಗೀಚಿ ಹಿಡಿದು, ಅದು ಸ್ಥಿರವಾಗಿ ಉರಿದರೆ ಮಾತ್ರ ಯಂತ್ರಕ್ಕೆ ಯೋಗ್ಯವೆಂದು ನಿಶ್ಚಯಿಸುತ್ತಿದ್ದರು. ಆ ಜ್ವಾಲೆಯೇ ಆ ಕಾಲದ ಸೂಚಕದೀಪ. ಅದನ್ನು ಹೊತ್ತಿಸಿದವನೂ, ನೋಡಿದವನೂ, ಅರ್ಥಮಾಡಿದವನೂ ಮನುಷ್ಯನೇ ಆಗಿದ್ದನೆಂಬುದು ಇಲ್ಲಿ ಗಮನಾರ್ಹ.

ಈ ವೇಳೆಗೆ ಅಮೆರಿಕದಲ್ಲಿ ಒಂದು ದೊಡ್ಡ ಮಾರ್ಪಾಟು ಮೊದಲಾಗಿತ್ತು. 1930ರ ದಶಕದಲ್ಲಿ ಹಡ್ಸನ್ ಎಂಬ ಕಂಪನಿಯವರು ಕೀಲೆಣ್ಣೆಯ ಒತ್ತಡವನ್ನೂ ವಿದ್ಯುತ್ತಿನ ಪ್ರವಾಹವನ್ನೂ ತೋರಿಸುತ್ತಿದ್ದ ಮುಳ್ಳುಗಳನ್ನು ತೆಗೆದು, ಅವುಗಳ ಸ್ಥಾನದಲ್ಲಿ ಕೆಂಪು ದೀಪಗಳನ್ನಿಟ್ಟರು. ಬಂಡಿಯನ್ನು ಬಲ್ಲವರು ಇವನ್ನು ಮೂಢರ ದೀಪಗಳೆಂದು ಹಾಸ್ಯಮಾಡಿದರು. ಹಾಸ್ಯವು ನಿರಾಧಾರವಾದುದಲ್ಲ. ಮುಳ್ಳು ಪ್ರಮಾಣವನ್ನು ಹೇಳುತ್ತದೆ. ದೀಪವು ತೀರ್ಪನ್ನು ಹೇಳುತ್ತದೆ. ಮುಳ್ಳು ಇಳಿಯುತ್ತಿರುವಾಗಲೇ ಚಾಲಕನು ಎಚ್ಚರಗೊಳ್ಳಬಹುದು. ದೀಪವಾದರೋ ಎಲ್ಲೆಯನ್ನು ದಾಟಿದ ಮೇಲೆಯೇ ಬಾಯಿ ಬಿಡುತ್ತದೆ. ಆದರೆ ಮುಳ್ಳನ್ನು ಎಡೆಬಿಡದೆ ನೋಡುವ ಚಾಲಕರು ಎಷ್ಟು ಮಂದಿ? ನೋಡದವನಿಗೆ ಮುಳ್ಳಿಗಿಂತ ಕೆಂಪು ದೀಪವೇ ಲೇಸು. ಅಂತೂ ಅಳೆದು ತೀರ್ಮಾನಿಸುವ ಅಧಿಕಾರವು ಚಾಲಕನ ಕೈಯಿಂದ ಯಂತ್ರವನ್ನು ಮಾಡಿದವನ ಕೈಗೆ ಹೋಯಿತು. ಚಾಲಕನಿಗೆ ಉಳಿದುದು ದೀಪದ ಭಾಷೆಯನ್ನು ಅರಿಯುವ ಕರ್ತವ್ಯ.

ಆ ಭಾಷೆಯು ಕಠಿನವಾದುದಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 2575ನೆಯ ಸಂಖ್ಯೆಯ ನಿಯಮದಲ್ಲಿ ಈ ಚಿತ್ರಗಳನ್ನು ಗೊತ್ತುಪಡಿಸಿದೆ. ಕನ್ನಡಿಗನಿಗೂ ಜಪಾನಿನವನಿಗೂ ಒಂದೇ ಲಿಪಿ; ಪಂಡಿತನಿಗೂ ಓದುಬರಹವರಿಯದವನಿಗೂ ಒಂದೇ ಪಾಠ. ಕೆಂಪು ಬಣ್ಣವು ಅಪಾಯವನ್ನೂ, ಹಳದಿಯು ಎಚ್ಚರಿಕೆಯನ್ನೂ, ಹಸುರು ನೀಲಿಗಳು ಯಾವುದೋ ಒಂದು ಅಂಗವು ಕೆಲಸಮಾಡುತ್ತಿರುವುದನ್ನೂ ಸಾಮಾನ್ಯವಾಗಿ ತಿಳಿಸುತ್ತವೆ. ದೂರಕ್ಕೆ ಹಾಯುವ ಮುಂದೀಪವನ್ನು ಹಾಕಿದಾಗ ಬೆಳಗುವ ನೀಲಿ ದೀಪವು ಎದುರಿಗೆ ಬರುವವನ ಕಣ್ಣನ್ನು ನೆನಪಿಗೆ ತರುವುದಕ್ಕಾಗಿ ಇರುವುದು.

ಕೆಂಪು ದೀಪಗಳಲ್ಲಿ ನಾಲ್ಕನ್ನು ಪ್ರತಿ ಮನೆಯವರೂ ಬಲ್ಲವರಾಗಿರಬೇಕು. ಎಣ್ಣೆಯ ಗಿಂಡಿಯಂತಿರುವ ಚಿತ್ರವು ಕೀಲೆಣ್ಣೆಯ ಒತ್ತಡವು ಬಿದ್ದುಹೋಗಿದೆಯೆಂದು ತಿಳಿಸುತ್ತದೆ. ಇದು ಎಣ್ಣೆಯ ಪರಿಮಾಣವನ್ನು ತಿಳಿಸುವ ದೀಪವೆಂದು ಭಾವಿಸಿ, ಊರು ಸೇರಿದ ಮೇಲೆ ಹಾಕಿಸಿದರಾಯಿತೆಂದು ಹೋಗುವುದು ತಪ್ಪು. ಒತ್ತಡವಿಲ್ಲದ ಯಂತ್ರದಲ್ಲಿ ಲೋಹವು ಲೋಹವನ್ನೇ ಉಜ್ಜಿ ಸ್ವಲ್ಪ ಹೊತ್ತಿನಲ್ಲಿಯೇ ಕಚ್ಚಿಕೊಳ್ಳುತ್ತದೆ. ಬಂಡಿಯನ್ನು ಬದಿಗೆ ನಿಲ್ಲಿಸಿ ಯಂತ್ರವನ್ನು ಆರಿಸುವುದೊಂದೇ ದಾರಿ. ನೀರಲೆಗಳ ಮೇಲೆ ನಿಂತ ಉಷ್ಣಮಾಪಕದ ಚಿತ್ರವು ಯಂತ್ರವು ಮಿತಿಮೀರಿ ಕಾದಿದೆಯೆಂದು ಸೂಚಿಸುತ್ತದೆ. ಆಗಲೂ ನಿಲ್ಲಿಸಬೇಕು, ಆದರೆ ಬಿಸಿಯಾಗಿರುವಾಗ ನೀರಿನ ಮುಚ್ಚಳವನ್ನು ತೆರೆದರೆ ಹಬೆಯು ಮುಖಕ್ಕೆ ರಾಚುವುದು. ಬ್ಯಾಟರಿಯ ಚಿತ್ರವು ವಿದ್ಯುತ್ತು ಉತ್ಪತ್ತಿಯಾಗುತ್ತಿಲ್ಲವೆಂಬ ಸೂಚನೆ. ಹಲವು ಬಂಡಿಗಳಲ್ಲಿ ಅದೇ ಪಟ್ಟಿಯು ನೀರಿನ ಪಂಪನ್ನೂ ತಿರುಗಿಸುವುದರಿಂದ ಇದರ ಹಿಂದೆಯೇ ಕಾವೂ ಏರಬಹುದು. ವೃತ್ತದೊಳಗಿನ ಉದ್ಗಾರಚಿಹ್ನೆಯು ಬ್ರೇಕಿನದು: ಕೈಬ್ರೇಕನ್ನು ಬಿಡುವುದಕ್ಕೆ ಮರೆತಿರಬಹುದು, ಇಲ್ಲವೆ ಬ್ರೇಕಿನ ದ್ರವವು ಕಡಿಮೆಯಾಗಿರಬಹುದು. ಕೈಬ್ರೇಕನ್ನು ಬಿಟ್ಟ ಮೇಲೂ ಆರದಿದ್ದರೆ ಮುಂದೆ ಹೋಗತಕ್ಕದ್ದಲ್ಲ.

ಹಳದಿಯ ದೀಪಗಳಲ್ಲಿ ಅತ್ಯಂತ ವಿಚಿತ್ರವಾದ ಚರಿತ್ರೆಯುಳ್ಳದು ಯಂತ್ರದ ಆಕಾರದ ದೀಪ. ಇದು ಒಡೆಯನ ಹಿತಕ್ಕಾಗಿ ಹುಟ್ಟಿದುದಲ್ಲ. ಊರಿನ ಗಾಳಿಯ ಹಿತಕ್ಕಾಗಿ ಹುಟ್ಟಿದುದು. ಕ್ಯಾಲಿಫೋರ್ನಿಯದ ಲಾಸ್ ಏಂಜಲೀಸ್ ನಗರದಲ್ಲಿ ಮೋಟಾರಿನ ಹೊಗೆಯಿಂದ ಜನರ ಕಣ್ಣು ಉರಿದು ಉಸಿರು ಕಟ್ಟತೊಡಗಿದ ಮೇಲೆ ಅಲ್ಲಿನ ಸರ್ಕಾರವು ಹೊಗೆಗೆ ಕಟ್ಟುಪಾಡುಗಳನ್ನು ವಿಧಿಸಿತು. 1951ರಲ್ಲಿ ಬೆಂಗಳೂರಿನಲ್ಲಿ ಮೈಕೋ ಎಂಬ ಕಂಪನಿಯ ಸ್ಥಾಪನೆಗೆ ಕಾರಣವಾಗಿದ್ದ ಜರ್ಮನಿಯ ಬಾಷ್ ಸಂಸ್ಥೆಯು, 1976ರಲ್ಲಿ ಹೊರಹೋಗುವ ಹೊಗೆಯಲ್ಲಿನ ಆಮ್ಲಜನಕವನ್ನು ಗ್ರಹಿಸುವ ಉಪಕರಣವನ್ನು ಬಂಡಿಗಳಿಗೆ ಒದಗಿಸಿತು. ಬಂಡಿಗೆ ಒಂದು ಮೂಗು ಬಂದಂತಾಯಿತು. ಯಂತ್ರವು ತನ್ನನ್ನು ತಾನೇ ಪರೀಕ್ಷಿಸಿಕೊಂಡು, ದೋಷವನ್ನು ದೀಪದಿಂದ ಸಾರಬೇಕೆಂಬ ನಿಯಮವು ಕ್ಯಾಲಿಫೋರ್ನಿಯದಲ್ಲಿ 1988ರಿಂದಲೂ, ಇನ್ನೂ ವಿಸ್ತಾರವಾದ ರೂಪದಲ್ಲಿ ಅಮೆರಿಕದಲ್ಲೆಲ್ಲ 1996ರಿಂದಲೂ ಆಚರಣೆಗೆ ಬಂದಿತು. ಭಾರತದ ಕಾರುಗಳಿಗೆ ಇದರ ಮೊದಲನೆಯ ಹಂತವು 2010ರಲ್ಲಿಯೂ ಎರಡನೆಯದು 2013ರಲ್ಲಿಯೂ ಪ್ರಾಪ್ತವಾದವು. 2020ರ ಏಪ್ರಿಲ್ ತಿಂಗಳಿನ ಹೊಸ ನಿಯಮದೊಡನೆ ಸ್ಕೂಟರುಗಳಿಗೂ ಈ ದೀಪವು ಬಂದಿತು. ದೀಪವು ಸ್ಥಿರವಾಗಿ ಉರಿಯುತ್ತಿದ್ದರೆ ಬೇಗನೆ ತೋರಿಸಬೇಕು; ಮಿನುಗುತ್ತಿದ್ದರೆ, ಉರಿಯದ ಇಂಧನವು ಹೊಗೆಯನ್ನು ಶುದ್ಧಿಮಾಡುವ ಅಂಗಕ್ಕೆ ಹೋಗಿ ಅದನ್ನೇ ಸುಡುತ್ತಿರಬಹುದಾದುದರಿಂದ ಒಡನೆಯೇ ವೇಗವನ್ನು ತಗ್ಗಿಸಿ ನಿಲ್ಲಿಸಬೇಕು. ಬಂಡಿಯು ಚೆನ್ನಾಗಿಯೇ ಓಡುತ್ತಿದೆಯೆಂದು ಇದನ್ನು ತಿಂಗಳುಗಟ್ಟಲೆ ಕಡೆಗಣಿಸುವವನು ತನ್ನ ಹಣವನ್ನು ಮಾತ್ರವಲ್ಲದೆ ನೆರೆಯವರ ಉಸಿರನ್ನೂ ಕೆಡಿಸುತ್ತಾನೆ.

ಇನ್ನು ಸೂಚಕಗಳ ಮಿತಿ. ತರ್ಕದಲ್ಲಿ ಹೇತುವಿನಂತೆ ತೋರಿ ಹೇತುವಲ್ಲದುದಕ್ಕೆ ಹೇತ್ವಾಭಾಸವೆಂದು ಹೆಸರು. ಯಂತ್ರದ ದೀಪವು ದೊಡ್ಡ ದೋಷಕ್ಕೂ ಬೆಳಗೀತು, ಪೆಟ್ರೋಲಿನ ಮುಚ್ಚಳವು ಸಡಿಲವಾದುದಕ್ಕೂ ಕೆಲವು ಬಂಡಿಗಳಲ್ಲಿ ಬೆಳಗೀತು. ಆದುದರಿಂದ ಅದನ್ನು ಕಂಡೊಡನೆ ಇಂತಹುದೇ ದೋಷವೆಂದು ಸಾಧಿಸಲಾಗದು. ನೀರೆಲ್ಲ ಸೋರಿಹೋದ ಯಂತ್ರದಲ್ಲಿ, ನೀರಿನೊಳಗೆ ಇರಬೇಕಾದ ಉಷ್ಣಗ್ರಾಹಕವು ಒಣಗಿ ನಿಂತು, ಬೇಯುತ್ತಿರುವ ಯಂತ್ರವನ್ನು ತಣ್ಣಗಿದೆಯೆಂದು ತೋರಿಸುವುದೂ ಉಂಟು. 1944ರಲ್ಲಿ ತೆರೆದ ತಿರುಮಲೆಯ ಘಟ್ಟದ ದಾರಿಯಲ್ಲಿ ಯಾತ್ರಿಕರು ಇಳಿಯುವಾಗ, ಎಡೆಬಿಡದೆ ಒತ್ತಿದ ಬ್ರೇಕು ಕಾದು ಹಿಡಿತ ತಪ್ಪುವ ಸಂಭವವಿರುತ್ತದೆ. ಆ ಕಾವನ್ನು ತಿಳಿಸುವ ದೀಪವು ಸಾಧಾರಣವಾದ ಬಂಡಿಗಳಲ್ಲಿಲ್ಲ. ಸುಟ್ಟ ವಾಸನೆಯೇ ಅಲ್ಲಿ ಲಿಂಗ. ಕೆಳಗಿನ ಗೇರಿನಲ್ಲಿ ಇಳಿಯುವುದೇ ಪರಿಹಾರ.

ಎಲ್ಲಕ್ಕಿಂತ ಸೂಕ್ಷ್ಮವಾದ ಪ್ರಶ್ನೆಯು ದೀಪವಿಲ್ಲದಿರುವಿಕೆಯದು. ದೀಪವು ಬೆಳಗದಿದ್ದರೆ ದೋಷವಿಲ್ಲವೆಂದು ತಿಳಿಯಬಹುದೆ? ಮೀಮಾಂಸಕರು ಅನುಪಲಬ್ಧಿಯೆಂಬ ಪ್ರಮಾಣವನ್ನು ಹೇಳುವಾಗ ಒಂದು ನಿಬಂಧನೆಯನ್ನು ಹಾಕಿರುತ್ತಾರೆ: ಇದ್ದಿದ್ದರೆ ಕಾಣುತ್ತಿತ್ತು ಎಂಬಂತಹ ವಸ್ತುವು ಕಾಣದಿದ್ದಾಗ ಮಾತ್ರ ಅದು ಇಲ್ಲವೆಂದು ನಿಶ್ಚಯಿಸಬಹುದು. ಕತ್ತಲೆಯ ಕೋಣೆಯಲ್ಲಿ ಗಡಿಗೆಯು ಕಾಣದಿದ್ದುದರಿಂದ ಗಡಿಗೆಯಿಲ್ಲವೆನ್ನಲಾಗದು. ಸುಟ್ಟುಹೋದ ದೀಪವೂ, ದೋಷವನ್ನು ಮರೆಮಾಡಿ ಬಂಡಿಯನ್ನು ಮಾರುವವನು ಕಿತ್ತಿಟ್ಟ ದೀಪವೂ ಆ ಕತ್ತಲೆಯ ಕೋಣೆಗೆ ಸಮಾನ. ಬೀಗದ ಕೈಯನ್ನು ತಿರುಗಿಸಿದಾಗ ದೀಪಗಳೆಲ್ಲ ಒಮ್ಮೆ ಬೆಳಗಿ ಆರುವುದರ ಪ್ರಯೋಜನವು ಇಲ್ಲಿದೆ. ಅವು ತಮಗೆ ಬೆಳಗುವ ಶಕ್ತಿಯುಂಟೆಂದು ಮೊದಲು ಪ್ರಮಾಣಮಾಡಿ, ಅನಂತರ ಮೌನವಾಗುತ್ತವೆ. ಹಾಗೆ ಬೆಳಗಿ ಆರಿದ ದೀಪದ ಮೌನಕ್ಕೆ ಬೆಲೆಯುಂಟು. ಎಂದೂ ಬೆಳಗದ ದೀಪದ ಮೌನಕ್ಕೆ ಬೆಲೆಯಿಲ್ಲ. ಹಳೆಯ ಬಂಡಿಯನ್ನು ಕೊಳ್ಳುವವರು ಈ ಒಂದು ಕ್ಷಣವನ್ನು ಕಣ್ಣಿಟ್ಟು ನೋಡಿದರೆ ಎಷ್ಟೋ ನಷ್ಟವು ತಪ್ಪುತ್ತದೆ.

2001ರಲ್ಲಿ ಬೆಂಗಳೂರಿನಿಂದ ಹೊರಟ ರೇವಾ ಎಂಬ ವಿದ್ಯುತ್ತಿನ ಬಂಡಿಯಲ್ಲಿ ಕೀಲೆಣ್ಣೆಯ ಗಿಂಡಿಗೂ ಪೆಟ್ರೋಲಿನ ಮುಳ್ಳಿಗೂ ಕೆಲಸವಿರಲಿಲ್ಲ. ಬ್ಯಾಟರಿಯಲ್ಲಿ ಉಳಿದಿರುವ ಶಕ್ತಿಯೇ ನೋಡತಕ್ಕ ಮುಖ್ಯ ವಿಷಯವಾಯಿತು. 2019ರ ಜುಲೈ ತಿಂಗಳಿನಿಂದ ಹೊಸ ಕಾರುಗಳು ಗಂಟೆಗೆ 80 ಕಿಲೋಮೀಟರನ್ನು ದಾಟಿದರೆ ಆಗಾಗ್ಗೆಯೂ, 120ನ್ನು ದಾಟಿದರೆ ಎಡೆಬಿಡದೆಯೂ ಕೂಗಬೇಕೆಂಬ ನಿಯಮವು ಬಂದಿತು. ಕಿರುಗುಟ್ಟುತ್ತಿದ್ದ ಮರದ ಗಾಲಿಯ ಧ್ವನಿಯು ಬೇರೊಂದು ರೂಪದಿಂದ ಹಿಂದಿರುಗಿತೆನ್ನಬೇಕು. ಎತ್ತಿನ ಬಂಡಿಯವನು ಆ ಕೂಗಿಗೆ ಕಿವಿಗೊಟ್ಟು ಇಳಿಯುತ್ತಿದ್ದನು. ಕೀಲೆಣ್ಣೆಯ ಗೊಟ್ಟವು ಬಂಡಿಯ ಕೆಳಗೆ ಯಾವಾಗಲೂ ತೂಗುತ್ತಿತ್ತು. ಈಗಿನ ಬಂಡಿಯಲ್ಲಿ ಅದೇ ಸ್ಥಾನದಲ್ಲಿರುವುದು ಕಂಪನಿಯವರು ಕೊಟ್ಟ ಕೈಪಿಡಿ. ಅದು ಬಹುಮಂದಿಯ ಬಂಡಿಯಲ್ಲಿ ಕಟ್ಟು ಬಿಚ್ಚದೆಯೇ ಇರುತ್ತದೆ. ಒಂದು ಸಂಜೆ ಅದನ್ನು ಹೊರತೆಗೆದು, ಚಿತ್ರಗಳ ಪುಟವನ್ನು ಮನೆಯವರೆಲ್ಲರೂ ಕೂಡಿ ಓದಿದರೆ, ಮುಂದಿನ ಪ್ರಯಾಣದಲ್ಲಿ ದೀಪವು ಬೆಳಗಿದಾಗ ಅದು ಯಾರನ್ನು ಕರೆಯುತ್ತಿದೆಯೆಂದು ಕೇಳಬೇಕಾಗುವುದಿಲ್ಲ.