ಮಾಚಿಕಾಯಿ ಎಂಬ ಕಾಯಲ್ಲದ ಕಾಯಿ

ಬಾಣಂತಿ ಇರುವ ಮನೆಯಲ್ಲಿ ಒಂದು ಡಬ್ಬಿ ಇದ್ದೇ ಇರುತ್ತದೆ. ಬಜೆ, ಜಾಯಿಕಾಯಿ, ಅಳಲೆಕಾಯಿ, ಜೊತೆಗೆ ಗೋಲಿಯಷ್ಟು ದೊಡ್ಡದಾದ, ಮೈಮೇಲೆ ಸಣ್ಣ ಸಣ್ಣ ಗುಬುಟು ಇರುವ ಮಾಚಿಕಾಯಿ. ಅದು ಯಾವ ಮರದ ಕಾಯಿ ಎಂದು ನಾವು ಹಲವರನ್ನು ಕೇಳಿದೆವು. "ಗ್ರಂಧಿಗೆ ಅಂಗಡೀಲಿ ಸಿಗುತ್ತೆ" ಅನ್ನುವುದೇ ಎಲ್ಲರ ಉತ್ತರ. ನಿಜ ಹೇಳಬೇಕೆಂದರೆ ಅದು ಕಾಯಿಯೇ ಅಲ್ಲ. ಒಂದು ಹುಳಕ್ಕಾಗಿ ಮರ ಬೆಳೆಸಿಕೊಟ್ಟ ಗಂಟು.

ಟರ್ಕಿ, ಸಿರಿಯಾ, ಇರಾಕ್, ಇರಾನ್ ಕಡೆಯ ಗುಡ್ಡಗಳಲ್ಲಿ ಒಂದು ಜಾತಿಯ ಓಕ್ ಮರವಿದೆ. ಅದರ ಎಳೆ ಮೊಗ್ಗಿನಲ್ಲಿ ಚಿಕ್ಕ ಕಣಜದ ಹುಳ ಮೊಟ್ಟೆ ಇಡುತ್ತದೆ. ಮರಿ ಹೊರಬರುತ್ತಿದ್ದಂತೆ ಅದರ ಸುತ್ತ ಮರದ ಭಾಗ ಉಬ್ಬಿ ಗುಂಡಗೆ ಬೆಳೆಯುತ್ತದೆ. ಒಳಗಿರುವ ಮರಿಗೆ ಅದೇ ಮನೆ, ಅದೇ ಊಟ. ಬಲಿತ ಮೇಲೆ ಹುಳ ತೂತು ಕೊರೆದು ಹಾರಿಹೋಗುತ್ತದೆ. ನಮ್ಮ ಹೊಂಗೆ ಎಲೆಯ ಮೇಲೆ ಗುಳ್ಳೆ ಎದ್ದಿರುವುದನ್ನು ನೀವು ನೋಡಿರುತ್ತೀರಿ. ಅದೂ ಇದೇ ಬಗೆಯದು, ಅಲ್ಲಿ ಕೆಲಸ ಮಾಡುವುದು ನುಸಿ.

ಈ ಗಂಟಿನ ತುಂಬ ಒಗರು, ಅಂದರೆ ಟ್ಯಾನಿನ್. ಒಳ್ಳೆಯ ಮಾಚಿಕಾಯಿಯ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಇದೇ ಇರುತ್ತದೆ. ಹುಳ ಹಾರುವ ಮೊದಲೇ ಕಿತ್ತದ್ದು ಕಪ್ಪುನೀಲಿ ಬಣ್ಣದ್ದು, ಭಾರವಾದದ್ದು, ಬೆಲೆಯೂ ಹೆಚ್ಚು. ತೂತು ಬಿದ್ದದ್ದು ಬಿಳಿಚಿಕೊಂಡು ಹಗುರ. ಕೊಳ್ಳುವಾಗ ತೂತು ನೋಡಿ. ಸಿರಿಯಾದ ಅಲೆಪ್ಪೊ ಪಟ್ಟಣ ಈ ವ್ಯಾಪಾರಕ್ಕೆ ಎಷ್ಟು ಹೆಸರಾಗಿತ್ತೆಂದರೆ, ಯುರೋಪಿನವರು ಇದನ್ನು ಅಲೆಪ್ಪೊ ಗಂಟು ಎಂದೇ ಕರೆದರು.

ಅವರಿಗೆ ಇದು ಬೇಕಾಗಿದ್ದದ್ದು ಮುಖ್ಯವಾಗಿ ಶಾಯಿಗೆ. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಬೇಯಿಸಿದರೆ ಕಪ್ಪಾಗುತ್ತದಲ್ಲ, ಅದೇ ಸಂಗತಿ. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು. ಮಾಚಿಕಾಯಿ ಜಜ್ಜಿ ನೆನೆಹಾಕಿ, ಅನ್ನಭೇದಿ ಬೆರೆಸಿ, ಜಾಲಿ ಅಂಟು ಸೇರಿಸಿದರೆ ಶಾಯಿ ಸಿದ್ಧ. ಬರೆಯುವಾಗ ತಿಳಿಯಾಗಿದ್ದು, ಗಾಳಿ ತಾಗಿದ ಮೇಲೆ ಕಪ್ಪಾಗಿ ಹಾಳೆಯೊಳಗೇ ಇಳಿಯುತ್ತದೆ. ತೊಳೆದರೆ ಹೋಗುವುದಿಲ್ಲ. 4ನೇ ಶತಮಾನದ ಗ್ರೀಕ್ ಬೈಬಲ್ ಪ್ರತಿಯಿಂದ ಹಿಡಿದು ನೂರಾರು ವರ್ಷಗಳ ಯುರೋಪಿನ ದಾಖಲೆಗಳೆಲ್ಲ ಇದರಲ್ಲಿ ಬರೆದವು.

ಹುಳದ ಮೊಟ್ಟೆಯಿಂದಲೇ ಗಂಟು ಹುಟ್ಟುತ್ತದೆ ಎಂದು 1679ರಲ್ಲಿ ಚಿತ್ರ ಬರೆದು ತೋರಿಸಿದವನು ಇಟಲಿಯ ವೈದ್ಯ ಮಾಲ್ಪೀಗಿ. ಸ್ವೀಡನ್ನಿನ ಶೀಲೆ 1786ರಲ್ಲಿ ಇದರಿಂದ ಗ್ಯಾಲಿಕ್ ಆಮ್ಲ ತೆಗೆದ. ಅದನ್ನು ಕಾಯಿಸಿ ಪಡೆದ ಪೈರೊಗ್ಯಾಲಾಲ್ ಮುಂದೆ ಫೋಟೊ ತೊಳೆಯಲು ಬಂತು.

ನಮ್ಮಲ್ಲಿ ಹಿಂದೆ ಬರವಣಿಗೆಯ ಕಪ್ಪು ಬೇರೆ ಇತ್ತು. ತಾಳೆಗರಿಯಲ್ಲಿ ಕಂಟದಿಂದ ಕೊರೆದು ದೀಪದ ಮಸಿ ಬಳಿಯುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಹಚ್ಚಿ, ಬಳಪದಲ್ಲಿ ಬರೆದದ್ದು ಕಡತ. ಮಸಿ ತಾನು ಕುಳಿತ ಹಾಳೆಯನ್ನು ತಿನ್ನುವುದಿಲ್ಲ. ಮಾಚಿಕಾಯಿ ಶಾಯಿ ತಿನ್ನುತ್ತದೆ. ಅದರಲ್ಲಿ ಆಮ್ಲವೂ ಉಳಿದ ಕಬ್ಬಿಣವೂ ಇರುವುದರಿಂದ ಅಕ್ಷರ ಕಂದುಬಣ್ಣಕ್ಕೆ ತಿರುಗಿ, ಕೊನೆಗೆ ಅಕ್ಷರ ಇದ್ದ ಜಾಗವೇ ಉದುರಿಹೋಗುತ್ತದೆ. ತೇವ ಇದ್ದರೆ ಇನ್ನೂ ಬೇಗ. ಜರ್ಮನಿಯ ಸಂಗೀತಗಾರ ಬಾಖ್ ಕೈಯಾರೆ ಬರೆದ ಹಾಳೆಗಳೂ ಹೀಗೇ ಹಾಳಾದವು.

ಬ್ರಿಟಿಷರ ಕಾಲದ ಕಚೇರಿಗಳ ಬ್ಲೂ ಬ್ಲ್ಯಾಕ್ ಶಾಯಿ ಇದೇ ವಂಶದ್ದು. ನಿಮ್ಮ ತಾತ, ಮುತ್ತಾತನ ಕ್ರಯಪತ್ರ, ಪಾಲುಪಟ್ಟಿ ಟ್ರಂಕಿನಲ್ಲಿದ್ದರೆ ಒಮ್ಮೆ ತೆಗೆದು ನೋಡಿ. ಅಕ್ಷರ ಕಂದಾಗಿದ್ದರೆ ಮೊದಲು ಮೊಬೈಲಿನಲ್ಲಿ ಚೆನ್ನಾಗಿ ಫೋಟೊ ತೆಗೆದಿಡಿ. ಮಡಿಕೆ ಬಿಡಿಸಿ, ತೇವವಿಲ್ಲದ ಕಡೆ ಇಡಿ. ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ, ಆಮೇಲೆ ಬಿಡಿಸಲಾಗುವುದಿಲ್ಲ.

ಇನ್ನು ಆ ಡಬ್ಬಿಯ ವಿಷಯ. ಆರು ತಿಂಗಳು ತುಂಬುವವರೆಗೆ ಕೂಸಿಗೆ ಎದೆಹಾಲು ಬಿಟ್ಟು ಬೇರೇನೂ ಬೇಡ ಎನ್ನುತ್ತಾರೆ ವೈದ್ಯರು. ಅಜ್ಜಿಯ ಮಾತಿನ ಮೇಲೆ ಗೌರವ ಇಟ್ಟುಕೊಂಡೇ, ತೇಯ್ದು ನೆಕ್ಕಿಸುವ ಮುನ್ನ ಒಮ್ಮೆ ಆಶಾ ಕಾರ್ಯಕರ್ತೆಯನ್ನೋ ಡಾಕ್ಟರನ್ನೋ ಕೇಳಿ.