ಹುಬ್ಬಳ್ಳಿಯ ಒತ್ತಕ್ಷರ, ಓಮನ್‌ನ ತ್ಯಾಪಿ

ಧಾರವಾಡದವರು ಪುಣ್ಯವಂತರು. ಅವರ ಊರಿನ ಹೆಸರಲ್ಲಿ ಒಂದೂ ಒತ್ತಕ್ಷರ ಇಲ್ಲ. ನಮ್ಮ ಹುಬ್ಬಳ್ಳಿಯಲ್ಲಿ ಎರಡಿವೆ. ಇದು ಎಂಥ ದೊಡ್ಡ ವ್ಯತ್ಯಾಸ ಅಂತ ನನಗೆ ತಿಳಿದದ್ದು 2012ರಲ್ಲಿ.

ನಮ್ಮ ಓಣಿಯ ಗಣೇಶ ಮಂಡಳಿಗೆ ಆಗ ಇಪ್ಪತ್ತೈದು ವರ್ಷ. ಸ್ಮರಣ ಸಂಚಿಕೆಯ ಪುಟ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಹೊಸದಾಗಿ ಲಿನಕ್ಸ್ ಹಚ್ಚಿಕೊಂಡಿದ್ದ ಹುಮ್ಮಸ್ಸು ಬೇರೆ. ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಅಂತ ಒಂದು ಮುಕ್ತ ತಂತ್ರಾಂಶ ಇದೆ. ಫ್ರಾಂಜ್ ಶ್ಮಿಡ್ ಎಂಬುವರು 2001ರಲ್ಲಿ ಶುರುಮಾಡಿದ್ದು. ಪುಕ್ಕಟೆ ಸಿಗುತ್ತೆ, ಮೂಲ ಕೋಡನ್ನು ಯಾರು ಬೇಕಾದರೂ ತಿದ್ದಬಹುದು. ಆದರೆ ಆಗಿನ 1.4 ಆವೃತ್ತಿಗೆ ಭಾರತೀಯ ಲಿಪಿಗಳನ್ನು ಜೋಡಿಸಲು ಬರುತ್ತಿರಲಿಲ್ಲ. 'ಹುಬ್ಬಳ್ಳಿ' ಅಂತ ಟೈಪ್ ಮಾಡಿದರೆ 'ಹುಬ್‌ಬಳ್‌ಳಿ'. ಮುಂದೆ 'ಧಾರವಾಡ' ಮಾತ್ರ ಠೀವಿಯಿಂದ ಕೂತಿತ್ತು!

ಡಿಟಿಪಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. "ತಮ್ಮಾ, ಸುಮ್ನ ತಲಿ ಕೆಡಿಸ್ಕೋಬ್ಯಾಡ. ನುಡಿ ಫಾಂಟ್ ಹಾಕು, ಪೇಜ್‌ಮೇಕರ್‌ದಾಗ ಮಾಡಿ ಮುಗಿಸು" ಅಂದರು. ಹಾಗೇ ಮಾಡಿದೆ. ಸಂಚಿಕೆ ಚೆಂದ ಬಂತು. ಅದರಲ್ಲಿ ರೈಲ್ವೆ ವರ್ಕ್‌ಶಾಪಿನ ದಿನಗಳ ಬಗ್ಗೆ ನಮ್ಮಜ್ಜ ಬರೆದ ಮೂರು ಪುಟವೂ ಇತ್ತು. ಅವರು ಅಚ್ಚಿಗೆ ಅಂತ ಬರೆದದ್ದು ಅದೊಂದೇ.

ಸ್ಕ್ರೈಬಸ್‌ಗೆ ತೊಡಕು ಏನಿತ್ತು? ಯುನಿಕೋಡ್‌ನಲ್ಲಿ ಅಕ್ಷರಗಳು ಉಚ್ಚಾರದ ಕ್ರಮದಲ್ಲಿ ಕೂರುತ್ತವೆ. 'ಳ್ಳಿ' ಅಂದರೆ ಳ, ವಿರಾಮ, ಇನ್ನೊಂದು ಳ, ಕೊನೆಗೆ ಇಕಾರದ ಗುಡಿಸು. ಆದರೆ ಕಣ್ಣಿಗೆ ಕಾಣುವಾಗ ಗುಡಿಸು ಮೊದಲ ಳಕಾರದ ತಲೆಗೆ ಹೋಗಬೇಕು, ಎರಡನೆಯ ಳ ಕೆಳಗಿಳಿದು ಒತ್ತಾಗಬೇಕು. 'ಕರ್ನಾಟಕ' ಇನ್ನೂ ಮಜಾ. ಮೊದಲು ಒತ್ತಿದ 'ರ್', 'ನಾ' ದಾಟಿಹೋಗಿ ಅರ್ಕಾವೊತ್ತಾಗಿ ಕೂರುತ್ತೆ. ಹಿಂದೆ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸುವವರು ಇದನ್ನೆಲ್ಲ ಕೈಯಾರೆ ಮಾಡುತ್ತಿದ್ದರು. ಕಂಪ್ಯೂಟರಿಗೆ ಯಾರಾದರೂ ಕಲಿಸಬೇಕು.

ಆ ಕಲಿಕೆ ಅದೇ ವರ್ಷ ಬೇರೊಂದು ಕಡೆ ನಡೆದಿತ್ತು. ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್ 'ಹರ್ಫ್‌ಬಜ್' ಎಂಬ ಮುಕ್ತ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಜೋಡಣೆಯನ್ನು ತಿದ್ದುತ್ತಿದ್ದರು. ಪರ್ಷಿಯನ್‌ನಲ್ಲಿ ಹರ್ಫ್ ಅಂದರೆ ಅಕ್ಷರ, ಬಾಜ್ ಅಂದರೆ ತೆರೆದ. ವಿಕಿಪೀಡಿಯಾದಿಂದ ಸುಮಾರು 9.5 ಲಕ್ಷ ಕನ್ನಡ ಪದಗಳನ್ನು ತಂದು, ವಿಂಡೋಸ್ ತೋರಿಸುವ ರೂಪದ ಜೊತೆ ತಾಳೆ ನೋಡುತ್ತಿದ್ದರು. ಒಂದೊಂದು ಪ್ಯಾಚಿಗೂ ತಪ್ಪು ಇಳಿಯುತ್ತಾ ಸಾವಿರದೊಳಗೆ ಬಂತು. ಕನ್ನಡ ವಿಕಿಪೀಡಿಯಾಕ್ಕೆ ಬಿಡುವಿನಲ್ಲಿ ಲೇಖನ ಬರೆದವರು, ಗೊತ್ತಿಲ್ಲದೇ ಈ ಕೆಲಸಕ್ಕೂ ಕೈಹಚ್ಚಿದ್ದರು.

ಪ್ಯಾಚ್ ಅಂದರೆ ನಮ್ಮ ಕಡೆಯ ತ್ಯಾಪಿ. ಇದು ಬರೀ ಉಪಮೆ ಅಲ್ಲ. ಹಳೇ ಕಂಪ್ಯೂಟರುಗಳಲ್ಲಿ ಪ್ರೋಗ್ರಾಮು ಕಾಗದದ ಪಟ್ಟಿಯ ಮೇಲಿನ ತೂತುಗಳಾಗಿ ಇರುತ್ತಿತ್ತು. ತಪ್ಪಿದ್ದ ಕಡೆ ನಿಜವಾಗಿಯೂ ತ್ಯಾಪಿ ಹಚ್ಚುತ್ತಿದ್ದರು. ಬರಬರುತ್ತಾ ಅದು ಎಷ್ಟನೇ ಸಾಲು ತೆಗೆಯಬೇಕು, ಯಾವ ಸಾಲು ಸೇರಿಸಬೇಕು ಅಂತ ಹೇಳುವ ಪುಟ್ಟ ಫೈಲಾಯಿತು. ಅದನ್ನು ಮೂಲಕ್ಕೆ ಹೊಲಿಯುವ 'ಪ್ಯಾಚ್' ಎಂಬ ಪ್ರೋಗ್ರಾಮನ್ನು ಲ್ಯಾರಿ ವಾಲ್ 1985ರಲ್ಲಿ ಬರೆದರು. ಪ್ಯಾಚ್‌ಗಳ ರಾಶಿ ನಿಭಾಯಿಸುವ ಇನ್ನೊಂದು ತಂತ್ರಾಂಶದ ಹೆಸರೇ ಕ್ವಿಲ್ಟ್, ಅಂದರೆ ಕೌದಿ! ನಮ್ಮವ್ವ ಕೇಳಿ ನಕ್ಕಳು: "ನಿಮ್ಮ ಕಂಪ್ಯೂಟರ್ನ್ಯಾಗೂ ಕೌದಿ ಹೊಲೀತಾರೇನು?"

ಸ್ಕ್ರೈಬಸ್‌ಗೆ ತ್ಯಾಪಿ ಬಿದ್ದದ್ದು ಓಮನ್‌ನಿಂದ. ಅಲ್ಲಿನ ಮುಕ್ತ ತಂತ್ರಾಂಶದ ಗುಂಪೊಂದಕ್ಕೆ ಅರಬ್ಬಿಯಲ್ಲಿ ಪುಟ ಕಟ್ಟಬೇಕಿತ್ತು. ಅರಬ್ಬಿ ಅಕ್ಷರಗಳೂ ಒಂದಕ್ಕೊಂದು ಕೈಹಿಡಿದೇ ನಿಲ್ಲಬೇಕು. ಅವರು ಹರ್ಫ್‌ಬಜ್ ತಂದು ಸ್ಕ್ರೈಬಸ್‌ಗೆ ಜೋಡಿಸಿದರು. 2017ರ 1.5.3 ಆವೃತ್ತಿಯಲ್ಲಿ ಅದು ಎಲ್ಲರಿಗೂ ಸಿಕ್ಕಿತು. ಹರ್ಫ್‌ಬಜ್‌ಗೆ ಕನ್ನಡ ಮೊದಲೇ ಗೊತ್ತಿತ್ತಲ್ಲ, ಹಾಗಾಗಿ ಅರಬ್ಬಿಯ ಹಿಂದೆಯೇ ನಮ್ಮ ಒತ್ತಕ್ಷರವೂ ಬಂತು. ಇವತ್ತು ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ, ಕ್ರೋಮ್‌ನಲ್ಲಿ, ಫೈರ್‌ಫಾಕ್ಸ್‌ನಲ್ಲಿ ಕನ್ನಡ ಜೋಡಿಸುವುದೂ ಇದೇ ಹರ್ಫ್‌ಬಜ್.

ಇಷ್ಟರಲ್ಲಿ ನನ್ನ ಪಾತ್ರ ಏನು? ಏನೂ ಇಲ್ಲ. ಅದೇ ಈಗ ಚುಚ್ಚುವುದು. 2012ರಲ್ಲಿ ಪ್ಯಾಚ್ ಬರೆಯುವಷ್ಟು ಕೋಡ್ ನನಗೆ ಬರುತ್ತಿರಲಿಲ್ಲ, ನಿಜ. ಆದರೆ 'ಇದು ತಪ್ಪು, ಹೀಗಿರಬೇಕು' ಅಂತ ಒಂದು ಚಿತ್ರ ಕಳಿಸಬಹುದಿತ್ತು. ಕನ್ನಡ ಓದಲು ಬಾರದ ಪ್ರೋಗ್ರಾಮರ್‌ಗೆ ಅದನ್ನು ನಾವಲ್ಲದೆ ಯಾರು ಹೇಳಬೇಕು? ನಾನು ಬೈದುಕೊಂಡು ಪೇಜ್‌ಮೇಕರ್‌ಗೆ ಹೋದೆ.

ಅದರ ದಂಡ ಆಮೇಲೆ ತೆತ್ತೆ. ಅಜ್ಜ ತೀರಿಕೊಂಡ ಮೇಲೆ ಅವರ ಲೇಖನ ಬೇಕೆನಿಸಿ ಹಳೇ ಫೈಲ್ ತೆರೆದೆ. ನಾನು ಬಳಸಿದ್ದು ಹಳೇ ಆಸ್ಕಿ ಫಾಂಟು. ಅದು ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ವೇಷ ಹಾಕುವಂಥದ್ದು. ಹೊಸ ಲ್ಯಾಪ್‌ಟಾಪಿನಲ್ಲಿ ಆ ಫಾಂಟಿಲ್ಲ, ವೇಷ ಕಳಚಿತ್ತು. ಪುಟದ ತುಂಬ ತಲೆಮೇಲೆ ಗೆರೆ, ಚುಕ್ಕಿ ಹೊತ್ತ ರೋಮನ್ ಅಕ್ಷರಗಳು. ಅಜ್ಜನ ಒಂದು ಮಾತೂ ಇಲ್ಲ. ಪರಿವರ್ತಕ ಬಳಸಿ ಯುನಿಕೋಡಿಗೆ ತಂದು, ಉಳಿದ ತಪ್ಪುಗಳನ್ನು ಅಚ್ಚಾದ ಪ್ರತಿ ನೋಡಿ ಒಂದೊಂದಾಗಿ ತಿದ್ದಿದೆ. ಎರಡು ಭಾನುವಾರ ಹಿಡಿಯಿತು.

ಆಮೇಲೆ ಅದನ್ನು ಸ್ಕ್ರೈಬಸ್‌ನಲ್ಲೇ ಹಾಕಿ ನೋಡಿದೆ. ಶೀರ್ಷಿಕೆಯ ಮೊದಲ ಪದ ಹುಬ್ಬಳ್ಳಿ. ಎರಡೂ ಒತ್ತು ತಮ್ಮ ಜಾಗದಲ್ಲಿದ್ದವು.

ಈಗ ಯಾವ ತಂತ್ರಾಂಶದಲ್ಲಿ ಕನ್ನಡ ಮುರಿದರೂ ಚಿತ್ರ ತೆಗೆದು, ಸರಿಯಾದ ರೂಪ ಬರೆದು ಕಳಿಸುತ್ತೇನೆ. ಹತ್ತು ನಿಮಿಷದ ಕೆಲಸ. ನೀವೂ ಕಳಿಸಿ.