ಕೆಚ್ಚು

ಹಲಸಿನ ಮರ ಕೊಯ್ಯಿಸಿ ಬಾಗಿಲು ಮಾಡಿಸುವವರು ಬಡಗಿಯನ್ನು ಕೇಳುವ ಮೊದಲ ಪ್ರಶ್ನೆ, ಕೆಚ್ಚು ಎಷ್ಟಿದೆ ಎಂದು. ಹೊರಗಿನ ಬಿಳಿ ಭಾಗಕ್ಕೆ ಹುಳ ಬೀಳುತ್ತದೆ, ನೀರು ಕುಡಿದರೆ ಕೊಳೆಯುತ್ತದೆ. ಒಳಗಿನ ಹಳದಿ ತಿರುಳು ತಲೆಮಾರುಗಳ ಕಾಲ ಬಾಳುತ್ತದೆ. ಎಳೆಯ ಮರದಲ್ಲಿ ಕೆಚ್ಚು ಕಟ್ಟಿರುವುದಿಲ್ಲ, ಅದಕ್ಕೆ ವರ್ಷಗಳು ಬೇಕು. ಮರದ ಈ ಮಾತನ್ನೇ ಕನ್ನಡ ಮನುಷ್ಯನ ಎದೆಗೂ ಒಯ್ದು ಕೆಚ್ಚೆದೆ ಎಂದಿತು. ಧೈರ್ಯ, ಶೌರ್ಯ, ಸಾಹಸ ಎಲ್ಲವೂ ಸಂಸ್ಕೃತದಿಂದ ಬಂದವು. ಕೆಚ್ಚು ನಮ್ಮ ಹಿತ್ತಲಲ್ಲೇ ಬೆಳೆದದ್ದು.

ಈಗ ಈ ಪದ ಹೆಚ್ಚಾಗಿ ಕಿವಿಗೆ ಬೀಳುವುದು ಮೈಕಿನ ಮುಂದೆ. ಹೋರಾಟದ ಕೆಚ್ಚು, ಗೆಲ್ಲುವ ಕೆಚ್ಚು, ಎದುರಾಳಿಯನ್ನು ಮಣಿಸುವ ಕೆಚ್ಚು. ದನಿ ಏರಿದಷ್ಟೂ ಕೆಚ್ಚು ಹೆಚ್ಚು ಎಂಬಂತಾಗಿದೆ. ಮರದ ಕೆಚ್ಚಾದರೋ ಹೊರಗೆ ಕಾಣುವುದೇ ಇಲ್ಲ. ಮರ ನಿಂತಿದೆ ಎಂಬುದರಿಂದಲೇ ಒಳಗೆ ಅದಿದೆ ಎಂದು ತಿಳಿಯಬೇಕು. 2008ರ ನವೆಂಬರ್ 26ರ ಮುಂಬೈ ಭಯೋತ್ಪಾದಕ ದಾಳಿಯನ್ನು ನೆನೆದಾಗಲೆಲ್ಲ ಈ ಪದವನ್ನು ಅದರ ಹಳೆಯ ಜಾಗಕ್ಕೆ ಮರಳಿಸಬೇಕೆನ್ನಿಸುತ್ತದೆ.

ಆ ರಾತ್ರಿ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ವಿಷ್ಣು ಝೆಂಡೆ ಎಂಬ ಅನೌನ್ಸರ್ ಕೆಲಸದಲ್ಲಿದ್ದರು. ದಿನವೂ ರೈಲು ಎಷ್ಟು ಗಂಟೆಗೆ, ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಹೇಳುವ ಕೆಲಸ. ಕೆಳಗೆ ಬಂದೂಕುಧಾರಿಗಳು ಕಂಡಾಗ ಅವರು ಓಡಿಹೋಗಲಿಲ್ಲ. ಯಾವ ಕಡೆಯಿಂದ ಹೊರಗೆ ಹೋಗಬೇಕೆಂದು ಹಿಂದಿಯಲ್ಲಿ, ಮರಾಠಿಯಲ್ಲಿ ಮತ್ತೆ ಮತ್ತೆ ಹೇಳುತ್ತಲೇ ಇದ್ದರು. ಆ ದನಿ ಕೇಳಿ ಎಷ್ಟೋ ಜನ ಬದುಕಿದರು.

ಅದೇ ರಾತ್ರಿ ಗಿರ್ಗಾಂವ್ ಚೌಪಾಟಿಯ ನಾಕಾಬಂದಿಯಲ್ಲಿದ್ದ ಎಎಸ್‌ಐ ತುಕಾರಾಮ್ ಓಂಬ್ಳೆಯವರ ಕೈಯಲ್ಲಿದ್ದದ್ದು ಬರೀ ಲಾಠಿ. ದಾಳಿಕೋರ ಅಜ್ಮಲ್ ಕಸಬ್‌ನ ಎಕೆ-47ರ ನಳಿಗೆಯನ್ನು ಅವರು ಎರಡೂ ಕೈಯಿಂದ ಹಿಡಿದರು. ಗುಂಡುಗಳು ಹೊಟ್ಟೆಗೆ ಹೊಕ್ಕರೂ ಹಿಡಿತ ಸಡಿಲಿಸಲಿಲ್ಲ. ಹತ್ತು ಮಂದಿ ದಾಳಿಕೋರರಲ್ಲಿ ಜೀವಂತ ಸಿಕ್ಕವನು ಅವನೊಬ್ಬನೇ. ಸಂಚು ಎಲ್ಲಿ ಹುಟ್ಟಿತು, ಯಾರು ನಡೆಸಿದರು ಎಂಬುದು ನ್ಯಾಯಾಲಯದಲ್ಲಿ ಬಯಲಾಗಲು ಆ ಹಿಡಿತವೇ ಕಾರಣ. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ತಾಜ್ ಹೋಟೆಲಿನಲ್ಲಿ ಗಾಯಗೊಂಡ ಸಂಗಾತಿಯನ್ನು ಹೊರಗೆ ಕಳಿಸಿ, ಉಳಿದವರು ಮೇಲೆ ಬರಬೇಡಿ ಎಂದು ಹೇಳಿ ತಾವು ಮುಂದೆ ಹೋದರು. ಆಗ ಅವರಿಗೆ 31 ವರ್ಷ. ಇಬ್ಬರಿಗೂ 2009ರಲ್ಲಿ ಮರಣೋತ್ತರ ಅಶೋಕ ಚಕ್ರ ಸಂದಿತು.

ಆದರೆ ಆ ದಾಳಿಯಲ್ಲಿ ಸತ್ತವರು 166 ಜನ. ಅವರಲ್ಲಿ ಹೆಚ್ಚಿನವರ ಕೈಯಲ್ಲಿ ಲಾಠಿಯೂ ಇರಲಿಲ್ಲ. ದೂರದ ಊರಿನ ರೈಲಿಗಾಗಿ ಗಂಟುಮೂಟೆ ಇಟ್ಟುಕೊಂಡು ನೆಲದ ಮೇಲೆ ಕೂತವರು, ಊಟಕ್ಕೆ ಬಂದವರು, ತಟ್ಟೆ ಎತ್ತುತ್ತಿದ್ದವರು. ಹಿಂದೂಗಳು, ಮುಸ್ಲಿಮರು, ಯೆಹೂದಿಗಳು, ಹೊರದೇಶದವರು. ಇವರನ್ನೆಲ್ಲ ವೀರರು ಎಂದು ಕರೆದುಬಿಟ್ಟರೆ ಗೌರವ ಸಲ್ಲಿಸಿದಂತೆ ಎಂದು ನನಗೆ ಅನ್ನಿಸುವುದಿಲ್ಲ. ಅವರು ಸಾಯಲೆಂದು ಬಂದವರಲ್ಲ, ಮನೆಗೆ ಹೊರಟವರು. ಹಾಗೆಂದು ಹೇಳುವುದೇ ಅವರಿಗೆ ಸಲ್ಲಬೇಕಾದ ಮರ್ಯಾದೆ. ಅವರಿಂದ ಕಸಿದದ್ದು ಏನು ಎಂಬುದು ಆಗಲೇ ತಿಳಿಯುತ್ತದೆ.

ಕೆಚ್ಚಿನ ಬಗ್ಗೆ ಸಸ್ಯಶಾಸ್ತ್ರ ಹೇಳುವ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಮರದಲ್ಲಿ ನೀರು ಏರುವುದು ಹೊರಗಿನ ಬಿಳಿ ಪದರದಲ್ಲಿ. ಒಳಗಿನ ಕೆಚ್ಚು ಒಂದು ಕಾಲಕ್ಕೆ ಜೀವವಿದ್ದು ಈಗ ಸತ್ತಿರುವ ಭಾಗ. ಮರದ ಭಾರಕ್ಕೆ ಹೆಗಲು ಕೊಡುವುದರಲ್ಲಿ ಆ ಸತ್ತ ಭಾಗದ ಪಾಲು ದೊಡ್ಡದು.

ಈ ಪದವನ್ನು ಹೊಗಳಿಕೆಗೆ ಬಳಸುವಾಗ ಒಂದು ಎಚ್ಚರವೂ ಬೇಕು. ಓಂಬ್ಳೆಯವರ ಕೆಚ್ಚನ್ನು ಕೊಂಡಾಡುವಷ್ಟೇ ಗಟ್ಟಿಯಾಗಿ, ಅವರ ಕೈಯಲ್ಲಿ ಲಾಠಿ ಮಾತ್ರ ಏಕಿತ್ತು ಎಂದೂ ಕೇಳಬೇಕು. ಎನ್‌ಎಸ್‌ಜಿ (ರಾಷ್ಟ್ರೀಯ ಭದ್ರತಾ ದಳ) ಕಮಾಂಡೊಗಳು ಹರಿಯಾಣದ ಮಾನೇಸರದಿಂದ ಬರಬೇಕಿತ್ತು. ಅವರು ತಲುಪುವ ಹೊತ್ತಿಗೆ ಎಷ್ಟೋ ಗಂಟೆಗಳು ಕಳೆದಿದ್ದವು. ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ಅವರ ನೆಲೆಗಳಾದದ್ದು ಆಮೇಲೆ. ವ್ಯವಸ್ಥೆ ಸೋತ ಕಡೆ ಒಬ್ಬ ಮನುಷ್ಯನ ಕೆಚ್ಚು ನಿಂತಿತು ಎಂಬುದು ಹೆಮ್ಮೆಯ ವಿಷಯ. ಪ್ರತಿ ಸಲವೂ ಅದನ್ನೇ ನಂಬಿ ಕೂರುವುದು ಅನ್ಯಾಯ.

ಇಷ್ಟೆಲ್ಲ ಆದ ಮೇಲೂ, ಕೆಚ್ಚು ಎಂದರೆ ಏನು ಎಂದು ಮಕ್ಕಳು ಕೇಳಿದರೆ ನಾನು ಕಾಮಾ ಆಸ್ಪತ್ರೆಯ ನರ್ಸ್ ಅಂಜಲಿ ಕುಲ್ಥೆ ಅವರ ಕತೆ ಹೇಳುತ್ತೇನೆ. ಅಂದು ರಾತ್ರಿ ಪಾಳಿಯಲ್ಲಿದ್ದ ಅವರ ವಾರ್ಡಿನಲ್ಲಿ 20 ಬಸುರಿಯರಿದ್ದರು. ಬಂದೂಕು ಹಿಡಿದವರು ಆಸ್ಪತ್ರೆಯ ಒಳಗೇ ಬಂದಾಗ ಅವರು ಬಾಗಿಲು ಮುಚ್ಚಿ ಎಲ್ಲರನ್ನೂ ಒಂದು ಸಣ್ಣ ಕೋಣೆಗೆ ಸೇರಿಸಿದರು. ಅಷ್ಟರಲ್ಲಿ ಒಬ್ಬಾಕೆಗೆ ಹೆರಿಗೆ ನೋವು ಶುರುವಾಯಿತು. ಗುಂಡಿನ ಸದ್ದಿನ ನಡುವೆಯೇ ಗೋಡೆಗೆ ಒತ್ತಿಕೊಂಡು, ಮೆಟ್ಟಿಲಲ್ಲಿ ಆಕೆಯನ್ನು ಹೆರಿಗೆ ಕೋಣೆಗೆ ಕರೆದೊಯ್ದರು. ಮುಂದೆ ಕಸಬ್‌ನನ್ನು ಗುರುತಿಸಿ ಸಾಕ್ಷಿಯನ್ನೂ ಹೇಳಿದರು. ನ್ಯಾಯಾಲಯಕ್ಕೆ ಅವರು ಹೋದದ್ದು ನರ್ಸ್ ಸಮವಸ್ತ್ರದಲ್ಲೇ. ಆ ರಾತ್ರಿ ತನ್ನ ಹೊಣೆ ಏನೆಂದು ತೋರಿಸಿಕೊಟ್ಟದ್ದು ಆ ಬಟ್ಟೆಯೇ ಎಂಬುದು ಅವರು ಕೊಟ್ಟ ಕಾರಣ.